ಕಾಯಿಕೊರಕದ ತಲೆಮಾರುಗಳು



ಈ ದತ್ತಿ ಉಪನ್ಯಾಸದಲ್ಲಿ ಜೀವವಿಕಾಸದ ಬಗ್ಗೆ ಮಾತಾಡಿ ಎಂದು ಕರೆದಾಗ ಸಂಘಟಕರ ಮನಸ್ಸಿನಲ್ಲಿ ಗಲಪಗೋಸ್ ದ್ವೀಪಗಳ ಹಕ್ಕಿಗಳೋ, ಜಿರಾಫೆಯ ಕತ್ತೋ, ಬಾಗಿದ ಮಂಗ ಮೆಲ್ಲಗೆ ನೆಟ್ಟಗಾಗಿ ಮನುಷ್ಯನಾಗುವ ಆ ಹಳೆಯ ಚಿತ್ರವೋ ಇದ್ದಿರಬೇಕು. ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣಲಿಲ್ಲ. ರಾಯಚೂರಿನಿಂದ ಹೊರಡುವ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಸಾಕು, ಹತ್ತಿ ಹೊಲ ಕಾಣುತ್ತದೆ. ಆ ಹೊಲಗಳಲ್ಲಿ ಒಂದು ಜೀವಿ, ಇಲ್ಲಿ ಕೂತಿರುವ ಹುಡುಗ ಹುಡುಗಿಯರ ಆಯುಷ್ಯದೊಳಗೇ, ಬದಲಾಗಿಹೋಗಿದೆ. ಅದು ಗುಲಾಬಿ ಕಾಯಿಕೊರಕ. ಇವತ್ತಿನ ಮಾತು ಪೂರ್ತಿ ಅದರದೇ.

ಹೊಲದಿಂದ ಶುರು ಮಾಡುವುದಕ್ಕೆ ಡಾರ್ವಿನ್ನನ ಮೇಲ್ಪಂಕ್ತಿಯೇ ಇದೆ. 1859ರ ಆತನ ಗ್ರಂಥದ ಮೊದಲ ಅಧ್ಯಾಯ ದ್ವೀಪಗಳ ಬಗ್ಗೆ ಅಲ್ಲ, ಮನುಷ್ಯ ಸಾಕಿದ ಪ್ರಾಣಿ ಮತ್ತು ಬೆಳೆಗಳ ಬಗ್ಗೆ. ಪಾರಿವಾಳ ಸಾಕುವವರ ಗೂಡುಗಳಿಂದ ಪುಟಗಟ್ಟಲೆ ಉದಾಹರಣೆ ಕೊಟ್ಟ ಮೇಲೆಯೇ ಆತ ಕಾಡಿಗೆ ಹೆಜ್ಜೆ ಇಡುತ್ತಾನೆ.

ಡಿಸೆಂಬರ್ ತಿಂಗಳಲ್ಲಿ ಹತ್ತಿ ಹೊಲಕ್ಕೆ ಹೋಗಿ ಇನ್ನೂ ಒಡೆಯದ ಒಂದು ಹಸಿರು ಕಾಯಿ ಕಿತ್ತುಕೊಳ್ಳಿ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಕಾಯಿ ನಯವಾಗಿ ತುಂಬಿಕೊಂಡಿರುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಸಿಪ್ಪೆಯ ಒಳಮೈಯಲ್ಲಿ ಸೂಜಿಯಿಂದ ಗೀರಿದಂತೆ ಸಣ್ಣ ಸುರಂಗ, ಅಲ್ಲಲ್ಲಿ ಗಂಟು. ಬಿಳಿ ಇರಬೇಕಾದ ಎಳೆಗಳ ನಡುವೆ ಕಂದು ಕಲೆ. ಬೀಜವನ್ನು ಒತ್ತಿದರೆ ಒಳಗೆ ಪೊಳ್ಳು, ಆ ಪೊಳ್ಳಿನಲ್ಲಿ ಸೆಂಟಿಮೀಟರು ಉದ್ದದ, ಮೈಮೇಲೆ ಗುಲಾಬಿ ಪಟ್ಟಿಗಳಿರುವ ಹುಳು. ಮೊಟ್ಟೆಯೊಡೆದು ಬಂದಾಗ ಅದು ಬೆಳ್ಳಗೆ, ಕೂದಲೆಳೆಯಷ್ಟು ಸಣ್ಣಗೆ ಇರುತ್ತದೆ. ಕಾಯಿಯನ್ನು ಆಗಲೇ ಕೊರೆದು ಒಳಹೊಗುತ್ತದೆ, ಹೊಕ್ಕ ತೂತನ್ನು ಗಿಡವೇ ಮುಚ್ಚಿಬಿಡುತ್ತದೆ. ಹೀಗಾಗಿ ರೈತನಿಗೆ ಸುದ್ದಿ ತಿಳಿಯುವುದು ಕಾಯಿ ಒಡೆದು, ಅರಳೆ ಅರ್ಧಕ್ಕೇ ನಿಂತು, ಬಿಡಿಸಲು ಬಂದ ಹೆಂಗಸರು 'ಇದು ಹಳದಿ ಆಗೇತ್ರಿ' ಎಂದು ತೋರಿಸಿದಾಗಲೇ. ಎಣ್ಣೆ ಹೊಡೆಯುವುದಕ್ಕೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುವುದು ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು, ನಾನೂ ಹಾಗೇ ಅನ್ನುತ್ತೇನೆ.

ಈ ಹುಳು ವಿಜ್ಞಾನದ ದಾಖಲೆಗೆ ಸೇರಿದ್ದೂ ನಮ್ಮ ದೇಶದಿಂದಲೇ. ಗುಜರಾತಿನ ಭರೂಚ್‌ನಲ್ಲಿ ಹತ್ತಿ ಹಾಳುಮಾಡುತ್ತಿದ್ದ ಹುಳುಗಳ ಮಾದರಿಗಳು ಇಂಗ್ಲೆಂಡಿಗೆ ಹೋದವು. ಅವುಗಳನ್ನು ನೋಡಿ ಸಾಂಡರ್ಸ್ ಎಂಬ ಕೀಟತಜ್ಞ 1843ರಲ್ಲಿ ವಿವರಣೆ ಬರೆದು ಹೆಸರಿಟ್ಟ. ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಭಾರತದ ಹತ್ತಿ ಬೀಜದೊಳಗೆ ಮಲಗಿಕೊಂಡೇ ಅದು ಈಜಿಪ್ಟ್ ಸೇರಿತು, ಅಲ್ಲಿಂದ ಮೆಕ್ಸಿಕೊ, 1917ರಲ್ಲಿ ಅಮೆರಿಕದ ಟೆಕ್ಸಸ್. ಹಂಗಾಮಿನ ಕೊನೆಯ ತಲೆಮಾರಿನ ಹುಳುಗಳು ಬೀಜದೊಳಗೆ ಸುಪ್ತಾವಸ್ಥೆಗೆ ಜಾರಿ ತಿಂಗಳುಗಟ್ಟಲೆ ಮಲಗಬಲ್ಲವು. ಹೊಲದ ಬದುವಿನ ಮೇಲೆ ಒಲೆಗೆಂದು ಒಟ್ಟಿಟ್ಟ ಹತ್ತಿ ಕಟ್ಟಿಗೆಯಲ್ಲಿ, ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದ ಬೀಜದ ರಾಶಿಯಲ್ಲಿ ಅವು ಇವತ್ತಿಗೂ ಹಾಗೇ ಮಲಗುತ್ತವೆ.

ಹತ್ತಿ ಹೊಲದಲ್ಲಿ ಯಾರನ್ನೇ ಕೇಳಿ, 'ಹುಳಕ್ಕ ಬಿಟಿ ರೂಢಿ ಆಗಿಬಿಟ್ಟೈತ್ರಿ' ಎನ್ನುತ್ತಾರೆ. ಬಿಟಿ ಎಂದರೆ ಹುಳು ಕೊಲ್ಲಲೆಂದು ಹತ್ತಿ ಗಿಡದೊಳಗೇ ಸೇರಿಸಿದ ವಿಷ. ಮೊದಲ ಕೆಲವು ವರ್ಷ ಸಾಯುತ್ತಿತ್ತು, ದಿನಾ ತಿಂದು ತಿಂದು ಈಗ ಜಗ್ಗುವುದಿಲ್ಲ. ನಮ್ಮ ಎಂಎಸ್ಸಿ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲೂ ಇದನ್ನೇ ಕೊಂಚ ಬಿಗಿಯಾದ ಭಾಷೆಯಲ್ಲಿ ಓದಿದ್ದೇನೆ. ರೈತ ಕಂಡದ್ದು ನೂರಕ್ಕೆ ನೂರು ನಿಜ: ಮೊದಲು ಸಾಯುತ್ತಿದ್ದ ಹುಳು ಈಗ ಸಾಯುತ್ತಿಲ್ಲ. ಅದಕ್ಕೆ ಕೊಡುವ ಕಾರಣ ಮಾತ್ರ ತಪ್ಪು. ಈ ತಪ್ಪು ಪರೀಕ್ಷೆಯಲ್ಲಿ ಎರಡು ಅಂಕ ಕಳೆದುಕೊಳ್ಳುವಷ್ಟಕ್ಕೆ ಮುಗಿಯುವಂಥದ್ದಲ್ಲ. ರೂಢಿಯಾಗಿದೆ ಎಂದು ನಂಬಿದವನು ಮಾಡುವ ಬೇಸಾಯವೇ ಬೇರೆ, ನಿಜವಾಗಿ ಏನು ನಡೆದಿದೆ ಎಂದು ಬಲ್ಲವನು ಮಾಡಬೇಕಾದ ಬೇಸಾಯವೇ ಬೇರೆ. ಇವತ್ತು ನಾನು ಹೇಳಬೇಕಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಜೀವಿ ವಿಷಕ್ಕೆ ರೂಢಿಯಾಗುತ್ತದೋ, ಮೊದಲೇ ತಾಳಿಕೊಳ್ಳಬಲ್ಲವು ಆಯ್ಕೆಯಾಗಿ ಉಳಿಯುತ್ತವೋ ಎಂಬ ಪ್ರಶ್ನೆಯನ್ನು ಬಗೆಹರಿಸಿದ ಒಂದು ಪ್ರಯೋಗವಿದೆ. ಜೀವವಿಜ್ಞಾನದಲ್ಲಿ ಅದಕ್ಕಿಂತ ಅಚ್ಚುಕಟ್ಟಾದ ಪ್ರಯೋಗಗಳು ಕಡಿಮೆ ಎಂದು ನನ್ನ ಎಣಿಕೆ. 1952ರಲ್ಲಿ ಅಮೆರಿಕದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿಗಳು ಮಾಡಿದ್ದು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರು. ಒಂದು ಮರದ ತುಂಡಿಗೆ ಮಖಮಲ್ ಬಟ್ಟೆ ಬಿಗಿದು ಆ ತಟ್ಟೆಯ ಮೇಲೆ ಮೆಲ್ಲಗೆ ಒತ್ತಿದರು. ಮಖಮಲ್ಲಿನ ಸಣ್ಣ ಸಣ್ಣ ಎಳೆಗಳಿಗೆ ಬ್ಯಾಕ್ಟೀರಿಯಾ ಅಂಟಿತು. ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಬೆರೆಸಿದ ಇನ್ನೊಂದು ತಟ್ಟೆಯ ಮೇಲೆ, ದಿಕ್ಕು ತಪ್ಪದಂತೆ, ಒತ್ತಿದರು. ಆ ಔಷಧದ ತಟ್ಟೆಯಲ್ಲಿ ಬಹುತೇಕ ಎಲ್ಲವೂ ಸತ್ತು ಒಂದೋ ಎರಡೋ ಕಡೆ ಮಾತ್ರ ಚುಕ್ಕೆಗಳು ಬೆಳೆದವು. ಚುಕ್ಕೆ ಬೆಳೆದ ಜಾಗಕ್ಕೆ ಸರಿಯಾಗಿ ಮೊದಲ ತಟ್ಟೆಯಲ್ಲಿ ಯಾವ ಜಾಗವಿತ್ತೋ ಅಲ್ಲಿಂದ ಬ್ಯಾಕ್ಟೀರಿಯಾ ಎತ್ತಿಕೊಂಡರು. ಆ ಮೊದಲ ತಟ್ಟೆ ಔಷಧದ ಹನಿಯನ್ನೂ ಕಂಡದ್ದಲ್ಲ. ಎತ್ತಿದ್ದನ್ನು ಬೆಳೆಸಿ, ಮತ್ತೆ ಒತ್ತಿ, ಮತ್ತೆ ಎತ್ತಿ, ಹೀಗೇ ಮುಂದುವರಿದಾಗ ಕೊನೆಗೆ ಕೈಗೆ ಬಂದದ್ದು ಔಷಧಕ್ಕೆ ಸಾಯದ ಶುದ್ಧ ತಳಿ. ಅದರ ಅಜ್ಜ ಮುತ್ತಜ್ಜಂದಿರಲ್ಲಿ ಒಬ್ಬರೂ ಆ ಔಷಧವನ್ನು ಮುಟ್ಟಿದವರಲ್ಲ.

ಅಂದರೆ ತಾಳಿಕೊಳ್ಳುವ ಗುಣ ಔಷಧಕ್ಕೆ ಮೊದಲೇ ಅಲ್ಲಿತ್ತು. ಕಾಳನ್ನು ಜರಡಿ ಹುಟ್ಟಿಸುವುದಿಲ್ಲ, ರಾಶಿಯಲ್ಲಿ ಇದ್ದ ದಪ್ಪ ಕಾಳನ್ನು ಮೇಲೆ ಉಳಿಸುತ್ತದೆ, ಅಷ್ಟೇ. ಔಷಧದ ಕೆಲಸವೂ ಅಷ್ಟೇ. ಒಂದು ಹುಳು ತನ್ನ ಬದುಕಿನಲ್ಲಿ ಅಷ್ಟೋ ಇಷ್ಟೋ ಒಗ್ಗಿಕೊಳ್ಳುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಬಿಟಿಯಂಥ ವಿಷ ಹೊಟ್ಟೆ ಸೇರಿದ ಹುಳುವಿಗೆ ರೂಢಿ ಮಾಡಿಕೊಳ್ಳಲು ಪುರಸೊತ್ತೇ ಇರುವುದಿಲ್ಲ.

ಆ ವಿಷ ಕೆಲಸ ಮಾಡುವ ಬಗೆ ಸ್ವಲ್ಪ ತಿಳಿಯಬೇಕು. ಬಿಟಿ ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನಲ್ಲಿ ಸಿಗುವ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟಾ ಅದನ್ನು ಸತ್ತ ರೇಷ್ಮೆಹುಳುಗಳಲ್ಲಿ ಕಂಡ. ಜರ್ಮನಿಯ ಥುರಿಂಜಿಯಾ ಪ್ರಾಂತ್ಯದ ಹಿಟ್ಟಿನ ಪತಂಗದಲ್ಲಿ ಕಂಡು ಹೆಸರಿಟ್ಟವನು ಬರ್ಲಿನರ್. ಅದು ತಯಾರಿಸುವ ಪ್ರೋಟೀನಿನ ಹರಳುಗಳು ಹುಳುವಿನ ಕ್ಷಾರೀಯ ಹೊಟ್ಟೆಯಲ್ಲಿ ಕರಗುತ್ತವೆ. ಜೀರ್ಣರಸಗಳು ಆ ಪ್ರೋಟೀನನ್ನು ಕತ್ತರಿಸಿದ ಮೇಲೆ ಸಕ್ರಿಯವಾದ ತುಂಡು ಕರುಳಿನ ಗೋಡೆಯ ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿಗೆ ಹೋಗಿ ಅಂಟುತ್ತದೆ, ಅಂಟಿ ಗೋಡೆಯಲ್ಲಿ ತೂತು ಕೊರೆಯುತ್ತದೆ. ಕೋಶಗಳು ಒಡೆದು ಹುಳು ಮೇಯುವುದನ್ನು ನಿಲ್ಲಿಸುತ್ತದೆ, ಸಾಯುತ್ತದೆ. ಕ್ರೈ1ಎಸಿ ಎಂಬ ಆ ಪ್ರೋಟೀನಿನ ವಂಶವಾಹಿಯನ್ನು ಹತ್ತಿಗೆ ಸೇರಿಸಿದ್ದೇ ಬಿಟಿ ಹತ್ತಿ. ಈಗ, ಯಾವುದೋ ಒಂದು ಹುಳುವಿನಲ್ಲಿ ಕ್ಯಾಡ್‌ಹೆರಿನ್ ತಯಾರಿಸುವ ವಂಶವಾಹಿಯೇ ಕೆಟ್ಟಿದೆ ಎಂದುಕೊಳ್ಳಿ. ವಿಷ ಅಂಟುವ ತಾಣವೇ ಇಲ್ಲ. ಆ ಹುಳು ಬಿಟಿ ಹತ್ತಿಯನ್ನು ಮಾಮೂಲಿ ಹತ್ತಿಯಂತೆ ತಿಂದು ಬೆಳೆಯುತ್ತದೆ. ಯಾವುದೇ ಹೊಸ ಶಕ್ತಿ ಬಂದದ್ದರಿಂದ ಅದು ಬದುಕಿದ್ದಲ್ಲ, ಒಂದು ವಂಶವಾಹಿ ಕೆಟ್ಟದ್ದರಿಂದ ಬದುಕಿತು. ವಿಕಾಸವೆಂದರೆ ಮೇಲಕ್ಕೇ ಏರುವ ಮೆಟ್ಟಿಲು ಎಂದು ನಂಬಿದವರು ಇದನ್ನೊಮ್ಮೆ ಯೋಚಿಸಬೇಕು. ವಿಷವಿಲ್ಲದ ಹತ್ತಿಯ ಮೇಲೆ ಈ ಕೆಟ್ಟ ವಂಶವಾಹಿಯ ಹುಳುಗಳು ಉಳಿದವುಗಳಷ್ಟು ಚೆನ್ನಾಗಿ ಬದುಕುವುದಿಲ್ಲ, ಚಳಿಗಾಲದ ಸುಪ್ತಾವಸ್ಥೆಯಲ್ಲಿ ಹೆಚ್ಚು ಸಾಯುತ್ತವೆ ಎಂಬುದನ್ನು ಅರಿಝೋನಾದ ಪ್ರಯೋಗಗಳು ತೋರಿಸಿವೆ.

ಇನ್ನೊಂದು ವಿಷಯ. ವಂಶವಾಹಿಗಳು ಜೋಡಿಯಾಗಿರುತ್ತವೆ. ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟು ಇನ್ನೊಂದು ಸರಿಯಿದ್ದರೆ ಕರುಳಿನಲ್ಲಿ ಸಾಕಷ್ಟು ಕ್ಯಾಡ್‌ಹೆರಿನ್ ಇರುತ್ತದೆ, ಹುಳು ಸಾಯುತ್ತದೆ. ಎರಡೂ ಕೆಟ್ಟಿದ್ದರಷ್ಟೇ ಬದುಕು. ಪಠ್ಯಪುಸ್ತಕದ ಮಾತಿನಲ್ಲಿ ಇದು ಅಪ್ರಬಲ ಗುಣ.

ಈಗ ಒಂದು ಲೆಕ್ಕ. ಲೆಕ್ಕಕ್ಕೆಂದೇ ಹೀಗೆ ಇಟ್ಟುಕೊಳ್ಳೋಣ: ಹುಳುಗಳ ಒಟ್ಟು ವಂಶವಾಹಿ ಪ್ರತಿಗಳಲ್ಲಿ ಸಾವಿರಕ್ಕೆ ಒಂದು ಕೆಟ್ಟದ್ದು. ಎರಡೂ ಪ್ರತಿ ಕೆಟ್ಟ ಹುಳು ಸಿಗುವುದು ಹತ್ತು ಲಕ್ಷಕ್ಕೆ ಒಂದು. ಒಂದು ಸೀಮೆಯ ಹತ್ತಿಯಲ್ಲಿ 1 ಕೋಟಿ ಹುಳುಗಳಿವೆ, ಇಡೀ ಸೀಮೆ ಬಿಟಿ ಹತ್ತಿಯನ್ನೇ ಬಿತ್ತಿದೆ. ಬದುಕುವುದು 10 ಹುಳು. ಅವು ಪತಂಗಗಳಾದಾಗ ಕೂಡಲು ಸಿಗುವುದು ಆ ಹತ್ತರಲ್ಲೇ ಒಂದು, ಬೇರೆ ಯಾರೂ ಉಳಿದೇ ಇಲ್ಲ. ಮರಿಗಳೆಲ್ಲ ಎರಡೂ ಕಡೆಯಿಂದ ಕೆಟ್ಟ ಪ್ರತಿ ಪಡೆದವು, ಎಲ್ಲವೂ ಬದುಕುತ್ತವೆ. ಇನ್ನು ಅದೇ ಸೀಮೆಯ ಐದನೇ ಒಂದು ಭಾಗದಲ್ಲಿ ಬಿಟಿ ಅಲ್ಲದ ಹತ್ತಿ ಇದ್ದರೆ? ಬಿಟಿ ಹತ್ತಿಯಲ್ಲಿ 80 ಲಕ್ಷ ಹುಳುಗಳಿದ್ದು ಉಳಿಯುವುದು 8. ಪಕ್ಕದ ಮಾಮೂಲಿ ಹತ್ತಿಯಿಂದ ಹಾರಿಬರುವ ಪತಂಗಗಳು 20 ಲಕ್ಷ, ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ವಿಷಕ್ಕೆ ಸಾಯುವ ಜಾತಿಯವು. ಈ ಎಂಟಕ್ಕೆ ಜೋಡಿ ಸಿಗುವುದು ಆ ಇಪ್ಪತ್ತು ಲಕ್ಷದಲ್ಲೇ. ಹುಟ್ಟುವ ಮರಿಗಳಿಗೆ ಒಂದು ಪ್ರತಿ ಕೆಟ್ಟದ್ದು, ಒಂದು ಸರಿಯಾದದ್ದು. ಬಿಟಿ ಹತ್ತಿ ತಿಂದರೆ ಸಾಯುತ್ತವೆ.

ಹುಳುವನ್ನು ಸಾಯಿಸಬೇಕಾದರೆ ಹುಳುವಿಗೆ ಒಂದಿಷ್ಟು ಹತ್ತಿ ಬಿಟ್ಟುಕೊಡಬೇಕು. ಹುಳು ರೂಢಿ ಮಾಡಿಕೊಳ್ಳುತ್ತದೆ ಎಂದು ನಂಬಿದವನಿಗೆ ಇದು ಹುಚ್ಚಾಟವಾಗಿ ಕಾಣುತ್ತದೆ, ಕಾಣಲೇಬೇಕು. ರೂಢಿಯೇ ನಿಜವಾಗಿದ್ದರೆ ಒಂದೂ ಉಳಿಯದಂತೆ ಇನ್ನೂ ಹೆಚ್ಚು ವಿಷ ಹಾಕುವುದೇ ಸರಿ. ವಿಕಾಸವನ್ನು ತಲೆಮಾರುಗಳ ಲೆಕ್ಕವಾಗಿ ನೋಡಿದವನಿಗೆ ಮಾತ್ರ ಬಿಟಿ ಹೊಲದ ಪಕ್ಕ ಮಾಮೂಲಿ ಹತ್ತಿಯ ಐದು ಸಾಲು ಯಾಕೆ ಬೇಕು ಎಂದು ತಿಳಿಯುತ್ತದೆ.

ನಮ್ಮ ದೇಶದಲ್ಲಿ ಆ ಐದು ಸಾಲುಗಳ ಗತಿ ಏನಾಯಿತು ಎಂಬುದು ನಿಮಗೆ ಗೊತ್ತು. 2002ರ ಮಾರ್ಚ್‌ನಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು 1998ರ ಕೊನೆಯಲ್ಲಿ ಇದೇ ರಾಯಚೂರು ಜಿಲ್ಲೆಯಲ್ಲಿ ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘ ಪ್ರಯೋಗದ ತಾಕುಗಳ ಹತ್ತಿಯನ್ನು ಕಿತ್ತು ಸುಟ್ಟಿತ್ತು. ಆ ಜಗಳದಲ್ಲಿ ಪೇಟೆಂಟು, ಬೀಜದ ಹಕ್ಕು, ವಿದೇಶಿ ಕಂಪನಿ ಎಲ್ಲ ಬಂದವು. ಹುಳುವಿನ ವಂಶವಾಹಿಯ ಮಾತು ಎರಡೂ ಕಡೆಯವರ ಬಾಯಲ್ಲಿ ಅಪರೂಪವಾಗಿತ್ತು. ಒಪ್ಪಿಗೆಯ ಷರತ್ತಿನಂತೆ 450 ಗ್ರಾಂ ಬಿಟಿ ಬೀಜದ ಪಾಕೀಟಿನ ಜೊತೆ 120 ಗ್ರಾಂ ನಾನ್-ಬಿಟಿ ಬೀಜದ ಸಣ್ಣ ಪಾಕೀಟು ಬರತೊಡಗಿತು. ಹೊಲದ ಸುತ್ತ ಐದು ಸಾಲು ಅಥವಾ ಐದನೇ ಒಂದು ಭಾಗ ಅದನ್ನು ಹಾಕಬೇಕಿತ್ತು. ಹಾಕಿದವರು ಕಡಿಮೆ. ಪಾಕೀಟು ಬದುವಿಗೆ ಬಿತ್ತು, ಇಲ್ಲವೇ ದುಕಾನಿನಲ್ಲೇ ಉಳಿಯಿತು.

ಇದಕ್ಕೆ ರೈತನನ್ನು ಬೈಯುವುದು ಸುಲಭ, ಬೈದವರೂ ಬಹಳ. ನನಗೆ ಅದು ಸರಿ ಕಾಣುವುದಿಲ್ಲ. ನಾಲ್ಕೆಕರೆ ಇರುವವನಿಗೆ ಐದನೇ ಒಂದು ಭಾಗವನ್ನು ಹುಳುವಿಗೆ ಬಿಡು, ಲಾಭ ಇಡೀ ತಾಲ್ಲೂಕಿಗೆ, ನಷ್ಟ ನಿನಗೆ ಎಂದರೆ ಅವನು ಯಾಕೆ ಕೇಳಬೇಕು? ಪಕ್ಕದವನು ಹಾಕದಿದ್ದರೆ ಇವನು ಹಾಕಿದ್ದು ದಂಡ. ಆ ಪಾಕೀಟು ಯಾಕೆ ಎಂದು ಅವನ ಭಾಷೆಯಲ್ಲಿ ಕೂತು ಹೇಳಿದವರೂ ಕಡಿಮೆ, ಪಾಕೀಟಿನ ಹಿಂಬದಿಯ ಸಣ್ಣ ಅಕ್ಷರ ಓದಿ ಜೀವವಿಕಾಸ ತಿಳಿದುಕೊಳ್ಳಲಿ ಎಂಬಂತಿತ್ತು ವ್ಯವಸ್ಥೆ.

ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹತ್ತಿ ಬಿಟಿಯಾಯಿತು. ಮೊದಲ ವರ್ಷಗಳಲ್ಲಿ ಎಲ್ಲವೂ ಚೆನ್ನಾಗಿತ್ತು, ಹತ್ತಿ ಬಂತು, ಹೊಡೆಯುವ ಎಣ್ಣೆ ಇಳಿಯಿತು. ಈ ಮೌನದ ವರ್ಷಗಳ ಬಗ್ಗೆ ಜೆ. ಬಿ. ಎಸ್. ಹಾಲ್ಡೇನ್ 1924ರಲ್ಲೇ ಲೆಕ್ಕ ಹಾಕಿಟ್ಟಿದ್ದರು. ಆಯ್ಕೆಯ ಒತ್ತಡದಲ್ಲಿ ಅಪ್ರಬಲ ಗುಣವೊಂದು ಹೆಚ್ಚುವುದು ಮೊದಮೊದಲು ಕಣ್ಣಿಗೆ ಬೀಳದಷ್ಟು ನಿಧಾನ, ಒಂದು ಮಟ್ಟ ದಾಟಿದ ಮೇಲೆ ಧಡಾರನೆ. ಬ್ರಿಟನ್ನಿನ ಈ ಗಣಿತಜ್ಞ-ಜೀವವಿಜ್ಞಾನಿ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ನಮ್ಮ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಪಂಚೆ-ಜುಬ್ಬಾದಲ್ಲಿ ಅಡ್ಡಾಡುತ್ತಿದ್ದ ಆ ಮನುಷ್ಯನ ಸಮೀಕರಣಗಳನ್ನು ನಮ್ಮ ಬೀಜ ನೀತಿ ಬರೆದವರು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬಹುದಿತ್ತು.

ಧಡಾರನೆ ಆದದ್ದು ಗುಜರಾತಿನಲ್ಲಿ. 2009ರ ಹಂಗಾಮಿನಲ್ಲಿ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ್ ಜಿಲ್ಲೆಗಳ ಹೊಲಗಳಲ್ಲಿ ಗುಲಾಬಿ ಹುಳು ಕ್ರೈ1ಎಸಿ ಹತ್ತಿಯನ್ನು ತಿಂದು ಬದುಕಿತು. ಮರುವರ್ಷ ಬಿಟಿ ಬೀಜದ ಕಂಪನಿಯೇ ಅದನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ, 2006ರಿಂದ, ಕ್ರೈ2ಎಬಿ ಎಂಬ ಎರಡನೇ ವಿಷವನ್ನೂ ಸೇರಿಸಿದ ಬೋಲ್‌ಗಾರ್ಡ್-2 ಮಾರುಕಟ್ಟೆಯಲ್ಲಿತ್ತು. ಎರಡು ವಿಷಕ್ಕೂ ಸಾಯದ ಹುಳು ಸಿಗುವುದು ಒಂದಕ್ಕೆ ಸಾಯದ ಹುಳುವಿಗಿಂತ ಲಕ್ಷಾಂತರ ಪಟ್ಟು ಅಪರೂಪ ಎಂಬುದು ಅದರ ಹಿಂದಿನ ಲೆಕ್ಕ. ಲೆಕ್ಕ ಸರಿಯೇ, ಎರಡನ್ನೂ ಒಟ್ಟಿಗೆ ಮೊದಲ ಬಾರಿ ಕೊಟ್ಟಿದ್ದರೆ. ಇಲ್ಲಿ ಮೊದಲನೆಯದಕ್ಕೆ ಬದುಕುವ ಹುಳುಗಳು ಆಗಲೇ ತಯಾರಾಗುತ್ತಿದ್ದ ಹೊತ್ತಿನಲ್ಲಿ ಎರಡನೆಯದು ಬಂತು. 2014–15ರ ಹೊತ್ತಿಗೆ ಗುಜರಾತಿನಲ್ಲಿ ಬೋಲ್‌ಗಾರ್ಡ್-2 ಕೂಡ ಸೋತಿತ್ತು. ಮುಂದಿನ ಕೆಲವೇ ಹಂಗಾಮುಗಳಲ್ಲಿ ಮಹಾರಾಷ್ಟ್ರ, ತೆಲಂಗಾಣ, ನಮ್ಮ ರಾಯಚೂರು-ಯಾದಗಿರಿ-ಕಲಬುರಗಿ.

ಇಷ್ಟು ಬೇಗ ಯಾಕೆ ಎಂಬುದಕ್ಕೆ ಐದು ಸಾಲು ಬಿಟ್ಟದ್ದೊಂದೇ ಕಾರಣವಲ್ಲ. ಉಳಿದ ಬಹುತೇಕ ದೇಶಗಳು ಬಿಟಿ ವಂಶವಾಹಿಯನ್ನು ಸಾದಾ ತಳಿಗಳಲ್ಲಿ ಬೆಳೆದರೆ ನಾವು ಹೈಬ್ರಿಡ್‌ಗಳಲ್ಲಿ ಬೆಳೆದೆವು. ಹೈಬ್ರಿಡ್ ಹತ್ತಿಯನ್ನು ಜಗತ್ತಿಗೆ ತೋರಿಸಿದ್ದೇ ನಾವು: 1970ರಲ್ಲಿ ಸೂರತ್‌ನ ಎಚ್-4, 1972ರಲ್ಲಿ ನಮ್ಮ ಧಾರವಾಡದಿಂದ ಬಂದ ವರಲಕ್ಷ್ಮಿ. ಹೆಮ್ಮೆಯ ವಿಷಯವೇ, ಅನುಮಾನವಿಲ್ಲ. ಆದರೆ ಹೈಬ್ರಿಡ್ ಗಿಡದಲ್ಲಿ ಬಿಟಿ ವಂಶವಾಹಿಯ ಒಂದೇ ಪ್ರತಿ ಇರುತ್ತದೆ, ಅದರ ಕಾಯಿಯೊಳಗಿನ ಬೀಜಗಳು ಮುಂದಿನ ತಲೆಮಾರು. ಮೆಂಡೆಲನ ಪ್ರಕಾರ ಅವುಗಳಲ್ಲಿ ವಂಶವಾಹಿಗಳು ಹಂಚಿಹೋಗುತ್ತವೆ. ಬೋಲ್‌ಗಾರ್ಡ್-2ರ ಒಂದು ಕಾಯಿಯೊಳಗಿನ ಬೀಜಗಳಲ್ಲಿ ಸರಾಸರಿ ಹದಿನಾರಕ್ಕೆ ಒಂಬತ್ತರಲ್ಲಿ ಎರಡೂ ವಿಷ, ಆರರಲ್ಲಿ ಒಂದೊಂದೇ, ಒಂದರಲ್ಲಿ ಯಾವುದೂ ಇಲ್ಲ. ಬೀಜದಿಂದ ಬೀಜಕ್ಕೆ ಸಾಗುವ ಹುಳುವಿಗೆ ಒಂದೇ ಕಾಯಿಯಲ್ಲಿ ವಿಷದ ಎಲ್ಲ ಪ್ರಮಾಣಗಳೂ ಸಿಗುತ್ತವೆ. ಒಂದೇ ಕೆಟ್ಟ ಪ್ರತಿಯಿರುವ, ನಿಯಮದಂತೆ ಸಾಯಬೇಕಾದ ಹುಳುಗಳೂ ಇಲ್ಲಿ ನುಸುಳಿಕೊಳ್ಳುತ್ತವೆ, ಆಗ ನಾವು ಮೇಲೆ ಹಾಕಿದ ಲೆಕ್ಕದ ಬುಡವೇ ಅಲುಗುತ್ತದೆ ಎಂಬುದು ತಜ್ಞರ ವಾದ. ನನಗೆ ಅದರಲ್ಲಿ ತಿರುಳಿದೆ ಅನ್ನಿಸುತ್ತದೆ.

ಜೊತೆಗೆ ಕಾಲ. ನಮ್ಮ ಹೈಬ್ರಿಡ್‌ಗಳು ಆರು ತಿಂಗಳು ಹೊಲದಲ್ಲಿ ನಿಲ್ಲುತ್ತವೆ. ಕಾಲುವೆ ನೀರಿದ್ದರೆ ಫೆಬ್ರುವರಿ, ಮಾರ್ಚ್‌ವರೆಗೂ ಎಳೆಯುತ್ತಾರೆ, ಕೊನೆಯ ಬಿಡಿಸುವಿಕೆಯ ಎರಡು ಕ್ವಿಂಟಲ್ ಆಸೆಗೆ. ಗುಲಾಬಿ ಹುಳು ಹಂಗಾಮಿನ ಕೊನೆಯಲ್ಲೇ ಏರುವಂಥದ್ದು. ಮೊಟ್ಟೆಯಿಂದ ಪತಂಗದವರೆಗೆ ಅದಕ್ಕೆ ತಿಂಗಳು ಸಾಕು. ಹೊಲ ಒಂದು ತಿಂಗಳು ಹೆಚ್ಚು ನಿಂತರೆ ಆಯ್ಕೆಗೆ ಒಂದು ತಲೆಮಾರು ಹೆಚ್ಚು ಸಿಕ್ಕಿತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೇಶವ ಕ್ರಾಂತಿಯವರು ಅಲ್ಪಾವಧಿ ತಳಿಗಳಿಗಾಗಿ ಬಹಳ ವಾದಿಸಿದರು. ಪ್ರತಿ ವರ್ಷ ಹೊಸ ಬೀಜ ಮಾರಬೇಕಾದ ವ್ಯಾಪಾರಕ್ಕೆ ಆ ಮಾತು ರುಚಿಸುವಂಥದ್ದಲ್ಲ.

ಇದೇ ಹುಳು, ಇದೇ ವಿಷ, ಅರಿಝೋನಾದಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ 1996ರಿಂದ ಬಿಟಿ ಹತ್ತಿ. 1997ರಲ್ಲಿ ಹೊಲದ ಹುಳುಗಳನ್ನು ತಂದು ಪರೀಕ್ಷಿಸಿದಾಗ ಕೆಟ್ಟ ಪ್ರತಿಗಳ ಪ್ರಮಾಣ ನೂರಕ್ಕೆ 16ರಷ್ಟಿದೆ ಎಂಬ ಅಂದಾಜು ಬಂತು. ಅಷ್ಟಿದ್ದರೆ ಒಂದೆರಡು ವರ್ಷದಲ್ಲಿ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ರೈತರು ಬಿಟಿ ಅಲ್ಲದ ಹತ್ತಿಯನ್ನು, ಅಂದರೆ ಆಶ್ರಯದ ಹತ್ತಿಯನ್ನು, ಶ್ರದ್ಧೆಯಿಂದ ಹಾಕಿದ್ದರು. ಅಲ್ಲಿನ ಪತಂಗಗಳ ಜೊತೆ ಕೂಡಿ ಕೆಟ್ಟ ಪ್ರತಿಗಳು ಒಂಟಿಯಾದವು, ಒಂಟಿಯಾದವು ಸತ್ತವು. ಕೀಟವಿಜ್ಞಾನಿ ಬ್ರೂಸ್ ತಬಾಶ್ನಿಕ್ ಮತ್ತು ಸಂಗಡಿಗರು ಇದನ್ನು ವರ್ಷವರ್ಷವೂ ಅಳೆದಿಟ್ಟಿದ್ದಾರೆ. 2006ರಿಂದ ಇನ್ನೊಂದು ಹೆಜ್ಜೆ: ಕಾರ್ಖಾನೆಯಲ್ಲಿ ಸಾಕಿ, ವಿಕಿರಣದಿಂದ ಬಂಜೆ ಮಾಡಿದ ಪತಂಗಗಳನ್ನು ಕೋಟಿಗಟ್ಟಲೆ ವಿಮಾನದಿಂದ ಹೊಲಗಳ ಮೇಲೆ ಸುರಿದರು. ಹುಳುವಾಗಿದ್ದಾಗಲೇ ಮೇವಿನಲ್ಲಿ ಕೆಂಪು ಬಣ್ಣ ಬೆರೆಸಿರುತ್ತಿದ್ದರು. ಬಲೆಗೆ ಬಿದ್ದ ಪತಂಗವನ್ನು ಹಿಸುಕಿ ನೋಡಿದರೆ ಒಳಗೆ ಕೆಂಪಿದ್ದದ್ದು ಕಾರ್ಖಾನೆಯದು, ಇಲ್ಲದ್ದು ಹೊಲದ್ದು. ವರ್ಷದಿಂದ ವರ್ಷಕ್ಕೆ ಹೊಲದ್ದು ಕಡಿಮೆಯಾಗುತ್ತಾ ಬಂದು 2018ರ ಅಕ್ಟೋಬರ್‌ನಲ್ಲಿ ಅಮೆರಿಕ ಈ ಹುಳು ತನ್ನ ಹತ್ತಿ ಸೀಮೆಯಿಂದ ನಿರ್ಮೂಲವಾಯಿತು ಎಂದು ಘೋಷಿಸಿತು.

ಚೀನಾದ ಯಾಂಗ್‌ಟ್ಸೆ ಕಣಿವೆಯ ರೈತರಿಗೆ ಆಶ್ರಯದ ಬೆಳೆ ಹಾಕಬೇಕೆಂಬ ಕಟ್ಟಳೆಯೂ ಇರಲಿಲ್ಲ, ಅಮೆರಿಕದ ಹಣವೂ ಇರಲಿಲ್ಲ. ಅಲ್ಲಿ ಬೀಜದವರು ಬಿಟಿ ಮತ್ತು ಮಾಮೂಲಿ ತಳಿಯ ಸಂಕರದ ಎರಡನೇ ತಲೆಮಾರಿನ ಬೀಜವನ್ನು ಅಗ್ಗಕ್ಕೆ ಮಾರತೊಡಗಿದರು. ಅದರಲ್ಲಿ ನಾಲ್ಕಕ್ಕೊಂದು ಗಿಡದಲ್ಲಿ ಬಿಟಿಯೇ ಇಲ್ಲ. ಯಾರೂ ಯೋಜಿಸದೆಯೇ ಪ್ರತಿ ಹೊಲದೊಳಗೂ ಆಶ್ರಯ ಬೆರೆತುಹೋಯಿತು. 2010ರವರೆಗೆ ಏರುತ್ತಿದ್ದ ನಿರೋಧಕತೆ ಆಮೇಲೆ ಇಳಿಯಿತು. ಈ ಕಥೆ ನನಗೆ ಬಹಳ ಇಷ್ಟ, ಯಾಕೆಂದರೆ ಇಲ್ಲಿ ಯಾರೂ ಒಳ್ಳೆಯವರಾಗಬೇಕಿರಲಿಲ್ಲ. ನಮ್ಮಲ್ಲೂ ಈಗ ಎರಡೂ ಬೀಜವನ್ನು ಒಂದೇ ಚೀಲದಲ್ಲಿ ಬೆರೆಸಿ ಮಾರುವ ಪದ್ಧತಿ ಬಂದಿದೆ, ಕುದುರೆ ಓಡಿದ ಮೇಲೆ ಲಾಯದ ಬಾಗಿಲು ಮುಚ್ಚಿದಂತೆ ಎನ್ನುವವರನ್ನು ನಾನು ತಡೆಯಲಾರೆ.

ಒಂದು ವಂಶವಾಹಿ ಎಷ್ಟು ಬಗೆಯಲ್ಲಿ ಕೆಡಬಹುದು ಎಂಬುದೂ ಕುತೂಹಲದ್ದು. ಅರಿಝೋನಾದ ಹುಳುಗಳಲ್ಲಿ ಕ್ಯಾಡ್‌ಹೆರಿನ್ ವಂಶವಾಹಿ ಕೆಟ್ಟ ಮೂರು ಬಗೆಗಳನ್ನು ಮೊದಲು ಗುರುತಿಸಿದ್ದರು. ಭಾರತದ ಹೊಲಗಳ ಹುಳುಗಳನ್ನು ನೋಡಿದಾಗ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ವಂಶವಾಹಿ ಎಂಟು ಹೊಸ ಬಗೆಗಳಲ್ಲಿ ಕೆಟ್ಟಿತ್ತು. ಅಂದರೆ ಒಂದೇ ವೀರ ಹುಳು ಎಲ್ಲೋ ಹುಟ್ಟಿ ಅದರ ಸಂತಾನ ದೇಶ ಆಳಿದ್ದಲ್ಲ. ಬೇರೆ ಬೇರೆ ಕಡೆ ಬೇರೆ ಬೇರೆ ತಪ್ಪುಗಳು ಮೊದಲೇ ಇದ್ದವು, ನಾವು ಒಂದೇ ವಿಷವನ್ನು ಕೋಟ್ಯಂತರ ಎಕರೆಗೆ ಹಾಸಿದಾಗ ಅವಕ್ಕೆಲ್ಲ ಒಟ್ಟಿಗೆ ಬೆಲೆ ಬಂತು, ಎಲ್ಲವೂ ಮೇಲೆದ್ದವು.

ಹತ್ತಿಯಲ್ಲೇ ಇನ್ನೊಂದು ಹುಳುವಿದೆ, ಹಸಿರು ಕಾಯಿಕೊರಕ. 1987–88ರಲ್ಲಿ ಆಂಧ್ರದ ಹತ್ತಿ ರೈತರನ್ನು ಮುಳುಗಿಸಿದ್ದು ಅದೇ, ಸಿಂಥೆಟಿಕ್ ಪೈರೆಥ್ರಾಯ್ಡ್‌ಗಳಿಗೆ ಸಾಯದ ಹುಳು. ಬಿಟಿ ಹತ್ತಿ ಬಂದದ್ದೇ ಮುಖ್ಯವಾಗಿ ಅದನ್ನು ಹೊಡೆಯಲು. ತಮಾಷೆಯೆಂದರೆ ಬಿಟಿಯ ವಿಷಯದಲ್ಲಿ ಅದು ಗುಲಾಬಿ ಹುಳುವಿನಂತೆ ಬೇಗ ಗೆಲ್ಲಲಿಲ್ಲ. ಹಸಿರು ಹುಳು ಹತ್ತಿಯೊಂದನ್ನೇ ನೆಚ್ಚಿದ್ದಲ್ಲ. ತೊಗರಿ, ಕಡಲೆ, ಟೊಮೆಟೊ, ಸೂರ್ಯಕಾಂತಿ ಎಲ್ಲವೂ ಅದಕ್ಕೆ ಊಟ. ಕಲಬುರಗಿಯ ತೊಗರಿ ಹೊಲಗಳು ಯಾವ ಸರ್ಕಾರಿ ಆದೇಶವೂ ಇಲ್ಲದೆ ಅದಕ್ಕೆ ಆಶ್ರಯವಾದವು, ಅಲ್ಲಿಂದ ವಿಷಕ್ಕೆ ಸಾಯುವ ಪತಂಗಗಳು ಹಾರಿ ಬರುತ್ತಲೇ ಇದ್ದವು. ಗುಲಾಬಿ ಹುಳುವಿಗೆ ಹತ್ತಿ ಬಿಟ್ಟರೆ ಬೇರೆ ಮನೆ ಇಲ್ಲವೆಂದೇ ಹೇಳಬೇಕು. ಅದರ ಆಶ್ರಯ ನಾವು ಬಿತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಪ್ರತಿಭಟಿಸಿ ಪತ್ರ ಬರೆದರು. ಬೇಕಾದವರು 12ನೇ ತರಗತಿಯಲ್ಲಿ ಓದಿಕೊಳ್ಳುತ್ತಾರೆ ಎಂಬ ಸಮಜಾಯಿಷಿ ಬಂತು. 12ನೇ ತರಗತಿಯಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳುವವರಲ್ಲಿ ಬಹಳ ಮಂದಿ ಡಾಕ್ಟರಾಗಲು ಹೊರಟವರು. ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಜೊತೆ ಹತ್ತಿ ಬಿತ್ತಲು ಇಳಿಯುವ ಹುಡುಗನಿಗೆ ಬಿಟಿ ಬೀಜದ ಜೊತೆ ನಾನ್-ಬಿಟಿ ಬೀಜ ಯಾಕೆ ಎಂದು ಯಾರು ಹೇಳಬೇಕು? ಈ ದತ್ತಿಯನ್ನಿಟ್ಟ ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರು, ಅವರಿದ್ದರೆ ನನಗಿಂತ ಖಾರವಾಗಿ ಕೇಳುತ್ತಿದ್ದರು.

ಸದ್ಯ ನಮ್ಮ ಹೊಲಗಳಲ್ಲಿ ಉಳಿದಿರುವ ದಾರಿಗಳು ಹಳೆಯವೇ. ಬೇಗ ಬಿತ್ತಿ ಡಿಸೆಂಬರ್ ಕೊನೆಗೆ ಬೆಳೆ ಮುಗಿಸುವುದು, ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟದೆ ಮುರಿದು ಮಣ್ಣಿಗೆ ಸೇರಿಸುವುದು, ಗುಲಾಬಿಯಂತೆ ಮುಚ್ಚಿಕೊಂಡ ಹೂಗಳನ್ನು ಕಿತ್ತು ನಾಶಮಾಡುವುದು, ಜಿನ್ನಿಂಗ್ ಫ್ಯಾಕ್ಟರಿಗಳ ಸುತ್ತ ಮೋಹಕ ಬಲೆ ಕಟ್ಟುವುದು. ಇವುಗಳ ಜೊತೆ ಈಚೆಗೆ ಬಂದದ್ದು ಗಿಡಗಳಿಗೆ ಹೆಣ್ಣು ಪತಂಗದ ವಾಸನೆ ಸವರುವ ಉಪಾಯ. 1973ರಲ್ಲಿ ಗುರುತಿಸಿದ ಆ ವಾಸನೆ ಎರಡು ರಾಸಾಯನಿಕಗಳು ಹೆಚ್ಚುಕಡಿಮೆ ಸಮನಾಗಿ ಬೆರೆತದ್ದು. ಇಡೀ ಹೊಲವೇ ಹೆಣ್ಣಿನ ವಾಸನೆಯಾದರೆ ನಿಜವಾದ ಹೆಣ್ಣು ಎಲ್ಲಿದೆ ಎಂದು ತಿಳಿಯದೆ ಗಂಡು ರಾತ್ರಿಯಿಡೀ ಅಲೆಯುತ್ತದೆ, ಮೊಟ್ಟೆ ಬೀಳುವುದಿಲ್ಲ. ಇಡೀ ಊರು ಒಟ್ಟಾಗಿ ಮಾಡಿದ ಕಡೆ ಇದು ಫಲ ಕೊಡುತ್ತಿದೆ, ನಾನಂತೂ ಇದರ ಪರ.

ಇದಕ್ಕೆ ಹುಳು ರೂಢಿಯಾಗುವುದಿಲ್ಲವಲ್ಲ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಎಲ್ಲ ಹೆಣ್ಣುಗಳೂ ಒಂದೇ ಪ್ರಮಾಣದಲ್ಲಿ ಆ ಎರಡನ್ನು ಬೆರೆಸುತ್ತವೆಯೇ? ಇಲ್ಲ. ಹೆಣ್ಣಿನಿಂದ ಹೆಣ್ಣಿಗೆ ಪ್ರಮಾಣ ಅಲ್ಪಸ್ವಲ್ಪ ಬೇರೆ, ಆ ವ್ಯತ್ಯಾಸ ಮರಿಗಳಿಗೂ ದಾಟುತ್ತದೆ ಎಂದು 1980ರ ದಶಕದಲ್ಲೇ ಅಮೆರಿಕದ ಪ್ರಯೋಗಾಲಯಗಳಲ್ಲಿ ಅಳೆದಿದ್ದಾರೆ. ಎಲ್ಲ ಊರುಗಳೂ ಒಂದೇ ಪ್ರಮಾಣದ ವಾಸನೆಯನ್ನು ಸವರುವ ದಿನ ಬಂದರೆ, ಆ ಪ್ರಮಾಣದಿಂದ ಕೊಂಚ ಸರಿದ ಹೆಣ್ಣುಗಳನ್ನೂ, ಅವುಗಳನ್ನು ಹುಡುಕಿಕೊಳ್ಳಬಲ್ಲ ಗಂಡುಗಳನ್ನೂ ಯಾರಾದರೂ ವರ್ಷಾವರ್ಷ ಬಲೆಯಲ್ಲಿ ಹಿಡಿದು ಅಳೆಯುತ್ತಿರಬೇಕಾಗುತ್ತದೆ. ಆ ಕೆಲಸಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಬೇಕು, ಅದನ್ನು ನಡೆಸುವ ಇಬ್ಬರು ಮೂವರು ಹುಡುಗರು ಬೇಕು. ಈ ಸಭೆಯಲ್ಲಿ ಅಂಥವರು ಇರಬಹುದು, ಉಪನ್ಯಾಸ ಮುಗಿದ ಮೇಲೆ ಬಂದು ಮಾತಾಡಿ.